ಹನ್ನೆರಡನೇ ಡಬ್ಬ

ಎಲ್ಲಕ್ಕೂ ಮೂಲ ಒಂದು ಹೇಂಟೆ. ನಿಜ ಹೇಳಬೇಕೆಂದರೆ ಹೇಂಟೆಯದೇನೂ ತಪ್ಪಿಲ್ಲ. ಅದನ್ನು ಬೇಡ ಎನ್ನಲಾರದ ಗಂಟೆಯಣ್ಣನ ನಾಲಿಗೆಯದೇ ತಪ್ಪು.

ಚರ್ಚಿನ ಗಂಟೆ ಹೊಡೆಯುವುದು, ಕಸ ಗುಡಿಸುವುದು, ನೆಲಕ್ಕೆ ಅಂಟಿದ ಮೇಣ ಕೆರೆಯುವುದು ಅವನ ಕೆಲಸ. ಚರ್ಚಿನ ಹಿಂದಿನ ಒಂದೇ ಕೋಣೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳ ಜೊತೆ ವಾಸ. ಕ್ರಿಸ್‌ಮಸ್ಸಿನ ಹಿಂದಿನ ದಿನ ಗುಡ್ಡದ ಮೇಲಿನ ಹಳ್ಳಿಯ ಹನ್ನೆರಡು ಬಡ ಕುಟುಂಬಗಳಿಗೆ ದಾನದ ಹನ್ನೆರಡು ರಟ್ಟಿನ ಡಬ್ಬ ಮುಟ್ಟಿಸುವುದೂ ಅವನ ತಲೆಗೇ ಕಟ್ಟಿದ್ದು. ಹಿಂದೆಲ್ಲ ಬಾಗಿಲಲ್ಲಿಟ್ಟು ಬಂದರೆ ಮುಗಿಯುತ್ತಿತ್ತು. ಹೋದ ವರ್ಷ ತಳ್ಳುಗಾಡಿ ಚರಂಡಿಗೆ ಬಿದ್ದು ಮೂರು ಡಬ್ಬ ನೆನೆದು ಮುದ್ದೆಯಾಗಿ ವಾಪಸ್ ಬಂದವು. ಅದಕ್ಕೇ ಈ ಸಲ ಪ್ರತಿ ಮನೆಯವರ ಸಹಿ ಬೇಕೆಂದು ನಿಯಮವಾಯಿತು. ದಾನ ಸಮಿತಿಯ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಬೆರಳೆತ್ತದೆ ಮಾತಾಡಿ ಗೊತ್ತಿಲ್ಲದವರು.

“ನೋಡಯ್ಯಾ, ಹನ್ನೆರಡು ಸಹಿ. ಒಂದೇ ಒಂದು ಕಡಿಮೆ ಆದ್ರೂ ಕೋಣೆಯ ಬೀಗದ ಕೈ ನನ್ನ ಮೇಜಿನ ಮೇಲಿರ್ಬೇಕು.”

ಹೊರಡುವಾಗ ಹೆಂಡತಿ ಗಾಡಿ ಹಿಡಿದು ನಿಲ್ಲಿಸಿದಳು. “ರೀ, ಈ ಚಳೀಲಿ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗೋದು? ಯಾರು ಸತ್ರೂ ಸರಿ, ಡಬ್ಬ ಮಾತ್ರ ವಾಪಸ್ ತರ್ಬೇಡಿ.”

“ಬಿಡ್ತು ಅನ್ನೇ, ಹಬ್ಬದ ದಿನ ಎಂಥ ಮಾತು!” ಎಂದು ಗಂಟೆಯಣ್ಣ ಗಾಡಿ ತಳ್ಳಿದ.

ಗುಡ್ಡದ ಹಳ್ಳಿ ಬದುಕಿದ್ದೇ ಕಲ್ಲಿನ ಕ್ವಾರಿಯಿಂದ. ಅದು ಮುಚ್ಚಿ ಎರಡು ವರ್ಷವಾಗಿತ್ತು. ಕಲ್ಲು ಒಡೆದ ಗಂಡಸರಿಗೆ ಅದು ಬಿಟ್ಟುಹೋದ ಆಸ್ತಿ ಎಂದರೆ ಕೆಮ್ಮು. ಮೊದಲ ಮನೆಯ ಹೆಂಗಸು ಡಬ್ಬ ಬಿಚ್ಚಿ ಕಂಬಳಿ, ಸೋಪು, ಬಿಸ್ಕತ್ತು, ಮೇಣದಬತ್ತಿ ಎಲ್ಲ ಮುಟ್ಟಿ ನೋಡಿ, ಸಹಿ ಹಾಕಿ ಒಳಗೆ ಹೋದಳು. ಬರುವಾಗ ಕಂಕುಳಲ್ಲಿ ಹೇಂಟೆ.

“ಇದನ್ನ ತಗೊಂಡು ಹೋಗಿ ಗಂಟೆಯಣ್ಣ.”

“ಅಯ್ಯೋ, ಇದೆಲ್ಲ ಯಾಕಕ್ಕಾ?”

“ಕೊಟ್ಟ ಕೈನ ಬರಿದಾಗಿ ಕಳಿಸೋ ಪದ್ಧತಿ ನಮ್ಮೂರಲ್ಲಿಲ್ಲ. ಹೇಂಟೆ ಬೇಡ ಅಂದ್ರೆ ನಿಮ್ಮ ಡಬ್ಬಾನೂ ಬೇಡ. ಆ ಸಹಿ ಹೊಡೆದುಹಾಕಿ.”

ಸಹಿ ಹೊಡೆದುಹಾಕಿದರೆ ಕೋಣೆ ಹೋಯಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಂಟೆಯಣ್ಣ ಹೇಂಟೆಯನ್ನು ಗಾಡಿಗೆ ಕಟ್ಟಿದ. ಅದು ಬಾಯಿ ಮುಚ್ಚಿಕೊಂಡು ಕೂತಿದ್ದರೂ ಆಗುತ್ತಿತ್ತು. ಬೀದಿಗೆಲ್ಲ ಡಂಗುರ ಸಾರಿತು.

ಎರಡನೇ ಮನೆಯಾಕೆ ಬಾಗಿಲಲ್ಲೇ ಕಾದಿದ್ದಳು. “ಅವಳು ಮೊಟ್ಟೆ ಇಡೋ ಹೇಂಟೇನೇ ಕೊಟ್ಳಂತೆ. ನಾವೇನು ಅವಳಿಗಿಂತ ಗತಿಗೆಟ್ಟವರಾ?” ಎಂದು ಮಗುವಿನಷ್ಟು ದಪ್ಪದ ಕುಂಬಳಕಾಯಿ ತಂದು ಹೇರಿದಳು. ಮೂರನೇ ಮನೆಯವರು ಕುಂಬಳಕಾಯಿಯನ್ನು ಮೀರಿಸಲು ಸ್ಟೂಲು ಕೊಟ್ಟರು. ಅದಕ್ಕೆ ಮೂರೇ ಕಾಲು. ನಾಲ್ಕನೆಯದು ಮೊನ್ನೆ ಒಲೆಗೆ ಹೋಗಿತ್ತು. ಆಮೇಲೆ ಹಿತ್ತಾಳೆಯ ಚೊಂಬು ಬಂತು, ನಿಂತ ಗಡಿಯಾರ ಬಂತು, ಮದುವೆಯ ಟ್ರಂಕು ಬಂತು. “ಪಕ್ಕದ್ಮನೆಯವರು ಏನು ಕೊಟ್ರು?” ಎಂದು ಕೇಳದೆ ಯಾರೂ ಸಹಿ ಹಾಕಲಿಲ್ಲ. ಒಂಬತ್ತನೇ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಗಂಡಸು ಬಹಳ ಹೊತ್ತು ಕೆಮ್ಮಿ, ಮೂಲೆಯಲ್ಲಿದ್ದ ಕಲ್ಲೊಡೆಯುವ ಸುತ್ತಿಗೆಯನ್ನು ತೋರಿಸಿದ.

“ತಗೋ ತಮ್ಮಾ. ಇನ್ನು ನಂಗೆ ಅದರ ಕೆಲಸ ಬೀಳಲ್ಲ.”

ಗಂಟೆಯಣ್ಣನಿಗೆ ಅಳು ಬಂತು. ಆದರೂ ಸುತ್ತಿಗೆ ತೆಗೆದುಕೊಂಡ. ಬೇಡ ಎನ್ನುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ.

ಹನ್ನೊಂದು ಸಹಿ ಮುಗಿದವು. ಹನ್ನೆರಡನೆಯದು ಒಂಟಿ ಅಜ್ಜಿಯ ಮನೆ. ಅಂಗಳದಲ್ಲಿ ನಾಲ್ಕೈದು ಜನ ಸುಮ್ಮನೆ ನಿಂತಿದ್ದರು. ಅಜ್ಜಿ ಬೆಳಗಿನ ಜಾವ ತೀರಿಕೊಂಡಿದ್ದಳು.

ಅವನಿಗೆ ಹೆಂಡತಿಯ ಮಾತು ನೆನಪಾಯಿತು. ನಾಚಿಕೆ ಬಿಟ್ಟು ಪಟ್ಟಿ ಮುಂದೆ ಹಿಡಿದ. “ಅಜ್ಜಿ ಪರವಾಗಿ ಯಾರಾದ್ರೂ ಸಹಿ ಹಾಕ್ತೀರಾ?”

“ಹಾಕಿದ್ರೆ ಅಜ್ಜಿ ಪರವಾಗಿ ಏನಾದ್ರೂ ವಾಪಸ್ ಕೊಡ್ಬೇಕಲ್ಲಪ್ಪಾ,” ಎಂದ ಒಬ್ಬ ಮುದುಕ. “ಮನೆಯೆಲ್ಲ ಹುಡುಕಿದ್ವಿ. ಹೊದಿಸೋಕೆ ಒಂದು ನೆಟ್ಟಗಿನ ಬಟ್ಟೆ ಕೂಡ ಸಿಗಲಿಲ್ಲ.”

ಗಂಟೆಯಣ್ಣ ಡಬ್ಬ ಬಿಚ್ಚಿ ಕಂಬಳಿ ತೆಗೆದು ಅಜ್ಜಿಗೆ ಹೊದಿಸಿದ. ಅದಕ್ಕೆ ಯಾರ ಸಹಿಯನ್ನೂ ಕೇಳಲಿಲ್ಲ. ಡಬ್ಬವನ್ನು ಮತ್ತೆ ಮುಚ್ಚಿ ಗಾಡಿಗಿಟ್ಟ.

ಇಳಿಜಾರಿನಲ್ಲಿ ಅವನು ಗಾಡಿ ತಂದನೋ ಗಾಡಿ ಅವನನ್ನು ತಂದಿತೋ ಹೇಳುವುದು ಕಷ್ಟ. ಕುಂಬಳಕಾಯಿ ಮೂರು ಸಲ ಉರುಳಿದ್ದರಿಂದ ಅದನ್ನು ಹೆಗಲಿಗೇರಿಸಿಕೊಂಡಿದ್ದ. ಚರ್ಚಿನ ಗೇಟಿನಲ್ಲಿ ಅಧ್ಯಕ್ಷೆಯೂ ಫಾದರೂ ನಿಂತಿದ್ದರು.

“ಏನಯ್ಯಾ ಇದು? ಬಡವರ ಮನೆ ದೋಚ್ಕೊಂಡು ಬಂದ್ಯಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮುಟ್ಟಿ ನೋಡುವ ಅಗತ್ಯವೇ ಇರಲಿಲ್ಲ. ತೊದಲುತ್ತ ನಡೆದದ್ದೆಲ್ಲ ಹೇಳಿದ. ಅಧ್ಯಕ್ಷೆ ಗಾಡಿಯ ಸುತ್ತ ಒಂದು ಸುತ್ತು ಬಂದರು.

“ನೋಡಿದ್ರಾ ಫಾದರ್? ಹೇಂಟೆ, ಹಿತ್ತಾಳೆ, ಟ್ರಂಕು! ಹಂಚಿ ಮಿಗೋಷ್ಟು ಇರೋರು ಬಡವರಾ? ಮುಂದಿನ ವರ್ಷದಿಂದ ಆ ಹಳ್ಳೀನೇ ಪಟ್ಟಿಯಿಂದ ತೆಗೀರಿ. ಹೇಂಟೆ ಅಡುಗೆಮನೆಗೆ ಹೋಗ್ಲಿ, ನಾಳೆ ಅತಿಥಿಗಳಿದ್ದಾರೆ. ಎಲ್ಲಿ, ಸಹಿ ತೋರ್ಸು.”

ಹನ್ನೊಂದಕ್ಕೆ ಬೆರಳು ನಿಂತಿತು. ಕೋಣೆಯ ಬಾಗಿಲಲ್ಲಿ ಹೆಂಡತಿ ಮಕ್ಕಳನ್ನು ಅವುಚಿಕೊಂಡು ನೋಡುತ್ತಿದ್ದಳು.

ಫಾದರ್ ಮೃದು ಮನುಷ್ಯ. “ಅಮ್ಮಾ, ಆ ಡಬ್ಬ ಇವನೇ ಇಟ್ಕೊಳ್ಲಿ, ಇವನೇ ಸಹಿ ಹಾಕ್ಲಿ. ಇವನಿಗಿಂತ ಬಡವರು ಯಾರಿದ್ದಾರೆ? ನಿಮ್ಮ ಹನ್ನೆರಡೂ ಆಗುತ್ತೆ.”

ಅಧ್ಯಕ್ಷೆ ಯೋಚಿಸಿ ಪೆನ್ನು ಚಾಚಿದರು. ಹೋದ ಜೀವ ಬಂದಂತಾಗಿ ಗಂಟೆಯಣ್ಣ ಅಜ್ಜಿಯ ಹೆಸರಿನ ಪಕ್ಕ ಸಹಿ ಹಾಕಿದ. ಹನ್ನೆರಡು!

“ಸರಿ. ಇನ್ನು ಕೋಣೆ ಖಾಲಿ ಮಾಡು,” ಎಂದರು ಅಧ್ಯಕ್ಷೆ.

“ಅಮ್ಮಾ! ಹನ್ನೆರಡೂ ಆಯ್ತಲ್ಲ?”

“ಆಯ್ತು. ಆದ್ರೆ ಚರ್ಚಿನ ಕೆಲಸದವರಿಗೆ, ಚರ್ಚಿನ ಕೋಣೇಲಿರೋರಿಗೆ ಡಬ್ಬ ಕೊಡೋ ಹಾಗಿಲ್ಲ. ಮೂರನೇ ನಿಯಮ. ಡಬ್ಬ ತಗೊಂಡ ಮೇಲೆ ನೀನು ಚರ್ಚಿನವನಲ್ಲ, ನಮ್ಮ ಬಡವ. ಹೆದರ್ಬೇಡ, ಮುಂದಿನ ವರ್ಷದ ಪಟ್ಟೀಲಿ ಮೊದಲ ಹೆಸರು ನಿಂದೇ.”

ಫಾದರ್ ತಲೆ ತಗ್ಗಿಸಿದರು. ಅಧ್ಯಕ್ಷೆ ತಾವೇ ಡಬ್ಬವನ್ನೆತ್ತಿ ಅವನ ಕೈಗಿಟ್ಟರು. ಕಂಬಳಿ ಇಲ್ಲದ ಡಬ್ಬ ಹಗುರವಾಗಿತ್ತು.

ಗಂಟೆಯಣ್ಣ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಆಮೇಲೆ ಜೇಬಿನಲ್ಲಿ ತಡಕಾಡಿ ಬೀಗದ ಕೈ ತೆಗೆದು ಅಧ್ಯಕ್ಷೆಯ ಅಂಗೈಯಲ್ಲಿಟ್ಟು ಹೇಳಿದ:

“ತಗೊಳ್ಳಿ ಅಮ್ಮಾ. ಕೊಟ್ಟ ಕೈನ ಬರಿದಾಗಿ ಕಳಿಸ್ಬಾರ್ದಂತೆ.”