ಬೇಲಿ ಬುಡದಲ್ಲಿ ಹೂತ ಮಡಕೆ

ನನ್ನ ಸೋದರಮಾವನಿಗೆ ಹುಚ್ಚು ಎಂದು ನಾನು ಯಾವತ್ತೂ ಹೇಳಿಲ್ಲ. ಹೇಳಿದವಳು ಅತ್ತೆ, ನಾನು ತಲೆಯಾಡಿಸಿದ್ದು ಮಾತ್ರ! ಗುರುವಾಯನಕೆರೆಯಲ್ಲಿ ಚರಿತ್ರೆ ಮಾಷ್ಟ್ರಾಗಿದ್ದ ಈ ಮಹಾನುಭಾವರು ಒಬ್ಬನೇ ಒಬ್ಬ ಯಹೂದಿಯನ್ನು ಕಂಡವರಲ್ಲ. ಕಾಣುವುದಾದರೂ ಎಲ್ಲಿ, ಬಿ.ಸಿ.ರೋಡಿನ ಬಸ್ಸಿನಲ್ಲೇ? ಆದರೂ ಮಂಗಳೂರಿನ ಪಾದ್ರಿಯೊಬ್ಬರು ಕೊಟ್ಟ ದಪ್ಪ ದಪ್ಪ ಪುಸ್ತಕಗಳನ್ನು ಓದಿ, ಯಹೂದಿ ಪಂಡಿತರು ಯಾವ ಕಾಲದಲ್ಲಿ ಯಾವ ವಾಕ್ಯಕ್ಕಾಗಿ ಹೇಗೆ ವಾದ ಮಾಡಿದರೆಂದು ಊಟಕ್ಕೆ ಕುಳಿತಲ್ಲೇ ವಿವರಿಸುತ್ತಿದ್ದರು. ಅನ್ನ ತಣ್ಣಗಾಗುತ್ತಿತ್ತು. ನಡುವೆ ಏಳಲು ಹೆದರಿಕೆ! ಅದೇ ಶಾಲೆಗೆ ಹೊಸದಾಗಿ ಸೇರಿ ಅವರ ಮನೆಯಲ್ಲೇ ಬಿಡಾರ ಹೂಡಿದ್ದ ನಾನು ಎದ್ದು ಹೋಗುವುದಾದರೂ ಎಲ್ಲಿಗೆ?

ಅವರಿಗೆ ತುಂಬ ಹಿಡಿಸಿದ್ದು ಒಂದು ಪದ್ಧತಿ. ದೇವರ ಹೆಸರಿರುವ ಹಾಳೆ ಹರಿದುಹೋದರೆ ಯಹೂದಿಗಳು ಸುಡುವುದಿಲ್ಲ, ಬಿಸಾಡುವುದಿಲ್ಲ, ಗೌರವದಿಂದ ಮಣ್ಣಿನಲ್ಲಿ ಹೂಳುತ್ತಾರಂತೆ. ಸರಿ, ಶುರುವಾಯಿತು! ಅತ್ತೆ ಹಳೆಯ ಪಂಚಾಂಗ ಹರಿದು ಒಲೆ ಹೊತ್ತಿಸುವಾಗ ಮಾವ ಓಡಿ ಬಂದರು.

“ದೇವರ ಹೆಸರುಂಟು ಅದರಲ್ಲಿ! ಸುಡುವುದಾ?”

“ಮತ್ತೆ ಒಲೆಗೆ ಎಂತ ಹಾಕುವುದು? ನಿಮ್ಮ ಮೀಸೆಯಾ?”

ಕಡಲೆಯ ಪೊಟ್ಟಣವನ್ನೂ ಬಿಡಿಸಿ ಓದಿ ನೋಡದೆ ಎಸೆಯುವಂತಿರಲಿಲ್ಲ. ಮದುಮಗನ ಹೆಸರು ರಾಮಕೃಷ್ಣ ಎಂದಿದ್ದರೆ ಆ ಮದುವೆ ಕಾಗದವೂ ಪವಿತ್ರ! ಹೀಗೆ ಕೂಡಿದ್ದನ್ನೆಲ್ಲ ಮಡಕೆಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಮೇಲೆ ಕೆಂಪು ಮಸಿಯಲ್ಲಿ ಹೀಬ್ರೂ ಅಕ್ಷರ ಬರೆದು ಬೇಲಿಯ ಬುಡದಲ್ಲಿ ಹೂತರು. ಯಾವಾಗ? ಅಮಾವಾಸ್ಯೆಯ ಮುಸ್ಸಂಜೆ! ಯಹೂದಿಗಳ ಪಂಚಾಂಗ ಬಲ್ಲವರಿಗೆ ನಮ್ಮ ಅಮಾವಾಸ್ಯೆ ನೆನಪಿರಬೇಕೆಂದರೆ ಹೇಗೆ?

ಬೇಲಿಯಾಚೆಯ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸು ಇದನ್ನೆಲ್ಲ ಕಂಡಳು. ವಾರದೊಳಗೆ ಅವಳ ಕೂಸಿಗೆ ಜ್ವರ ಏರಿತು. ಊರಿಗೆ ಇನ್ನೇನು ಬೇಕು? ಮಾಷ್ಟ್ರು ಮಾಟ ಮಾಡಿದ್ದಾರೆ!

ಬೆಳಿಗ್ಗೆ ಅಂಗಳದ ತುಂಬ ಜನ. ಕೈಯಲ್ಲಿ ದೊಣ್ಣೆ. ನಾನು ಬಾಗಿಲ ಮರೆಗೆ ಸರಿದೆ.

“ಅದನ್ನು ತೆಗೀರಿ ಮಾಷ್ಟ್ರೇ. ಇಲ್ಲದಿದ್ದರೆ ನಿಮ್ಮನ್ನೂ ಅಲ್ಲೇ ಹೂಳ್ತೇವೆ!”

“ಹೂತದ್ದನ್ನು ಅಗೆಯಲಿಕ್ಕಿಲ್ಲ. ಅದಕ್ಕೆ ಶಾಸ್ತ್ರ ಉಂಟು,” ಎಂದ ಮಾವ, ಆ ಶಾಸ್ತ್ರದ ಚರಿತ್ರೆಯನ್ನು ಬುಡದಿಂದ ಹೇಳತೊಡಗಿದರು! ದೊಣ್ಣೆಗಳೆದುರು ಪಾಠ ಮಾಡುವವರನ್ನು ಎಲ್ಲಾದರೂ ಕಂಡಿದ್ದೀರಾ? ಇವತ್ತು ಇವರ ಕತೆ ಮುಗಿಯಿತು ಎಂದುಕೊಂಡೆ.

ಅಷ್ಟರಲ್ಲಿ ಆ ತಾಯಿ ಮುಂದೆ ಬಂದಳು. ಕೂಸು ಅವಳ ಹೆಗಲಲ್ಲಿ ಬಾಡಿಹೋಗಿತ್ತು.

“ಡಾಕ್ಟ್ರಿಗೆ ತೋರಿಸ್ಲಿಲ್ವಾ ತಂಗೀ?” ಎಂದರು ಮಾವ.

“ಮಾಟ ಇರುವಾಗ ಮದ್ದು ಹಿಡಿಯುವುದಿಲ್ಲ ಮಾಷ್ಟ್ರೇ. ಅದು ಮೇಲೆ ಬರದೆ ನಾನು ಎಲ್ಲಿಗೂ ಹೋಗುವುದಿಲ್ಲ.”

ಮಾವ ಕೂಸಿನ ಹಣೆ ಮುಟ್ಟಿದರು. ಪಾಠ ನಿಂತಿತು.

“ಹಾರೆ ತಾ ಮಾರಾಯ.”

“ಮಾವಾ, ಶಾಸ್ತ್ರ?”

“ಜೀವ ಉಳಿಸಲಿಕ್ಕೆ ಶಾಸ್ತ್ರವನ್ನು ಮುರಿಯಬಹುದು. ಅದನ್ನೂ ಆ ಪಂಡಿತರೇ ಹೇಳಿದ್ದು. ಬೇಗ ತಾ!”

ತಾವೇ ಅಗೆದರು. ಎಲ್ಲರೆದುರು ಮಡಕೆ ಮಗುಚಿದರು. ಮುಂದೆ ನಿಂತಿದ್ದ ದೊಣ್ಣೆಯವನು ಒಂದು ಹಾಳೆ ಎತ್ತಿ, “ಇದು ನನ್ನ ಮಗಳ ಮದುವೆ ಕಾಗದ ಅಲ್ವಾ!” ಎಂದ. ಯಾರೂ ನಗಲಿಲ್ಲ. ಮಾವ ಆಗಲೇ ಕೂಸನ್ನು ಎತ್ತಿಕೊಂಡು ರಸ್ತೆಗೆ ಓಡಿದ್ದರು. ಹಿಂದೆ ತಾಯಿ, ಅವಳ ಹಿಂದೆ ನಾನು.

ಬೆಳ್ತಂಗಡಿಯ ಬಸ್ಸಿನಲ್ಲಿ ಮಾವನ ತುಟಿ ಒಣಗಿತ್ತು. “ನನಗೆ ಹೆದರಿಕೆ ಆಗ್ತದೆ ಮಾರಾಯ,” ಎಂದರು. ದೊಣ್ಣೆಗೆ ಹೆದರದ ಮನುಷ್ಯ!

ಡಾಕ್ಟರು ಇಂಜೆಕ್ಷನ್ ಕೊಟ್ಟರು. “ಇನ್ನೂ ತಡ ಮಾಡಿದ್ದರೆ ಕಷ್ಟ ಇತ್ತು,” ಎಂದರು. ಕೂಸನ್ನು ಮಾವನ ಮಡಿಲಲ್ಲಿ ಮಲಗಿಸಿ ನಾವು ಆಸ್ಪತ್ರೆಯ ಜಗಲಿಯಲ್ಲಿ ಕಾದು ಕುಳಿತೆವು. ಮಧ್ಯಾಹ್ನದ ಹೊತ್ತಿಗೆ ಕೂಸು ಬೆವರಿತು, ಕಣ್ಣು ಬಿಟ್ಟಿತು, ಕೈ ಚಾಚಿ ಮಾವನ ಕನ್ನಡಕ ಕಿತ್ತು ನೆಲಕ್ಕೆ ಎಸೆಯಿತು. ಗಾಜು ಚೂರಾಯಿತು.

“ಅಯ್ಯೋ ಮಾಷ್ಟ್ರೇ!” ಎಂದಳು ತಾಯಿ.

“ಒಡೆಯಲಿ ಮಗಾ, ಒಡೆಯಲಿ,” ಎನ್ನುತ್ತಾ ಮಾವ ಆ ಪುಟ್ಟ ಅಂಗೈಗೆ ಮುಖವಿಟ್ಟು ಹೋ ಎಂದು ಅತ್ತುಬಿಟ್ಟರು.