ಗೊಂಬೆಯ ಮೈಮೇಲಿನ ಕೋಟು

"ಚಿಕ್ಕದಾಗಿ ಬರೀಬೇಕಂತೆ! ಅದನ್ನ ನನಗೆ ಹೇಳ್ಕೊಡ್ತಾರಾ? ಕತ್ತರಿಸೋದೇ ನನ್ನ ಕಸುಬು!" ಎಂದು ದರ್ಜಿ ಫೋನಿನಲ್ಲಿ ಹೆಂಡತಿಯ ಮುಂದೆ ಎದೆಯುಬ್ಬಿಸಿದ.

ಹೆಂಡತಿ ಪರದೇಶದ ಆಸ್ಪತ್ರೆಯಲ್ಲಿ ನರ್ಸು. ಅವಳ ಬಳಿ ಹೋಗಿ ನೆಲೆಸಲು ಇವನಿಗೆ ಪರವಾನಗಿ ಬೇಕು. ಅದಕ್ಕೆ ತಮ್ಮಿಬ್ಬರ ಸಂಬಂಧ ಎಂಥದೆಂದು ಒಂದು ಪುಟದೊಳಗೆ ಬರೆದುಕೊಡಬೇಕು.

"ನೋಡ್ರೀ, ಮುಖ್ಯವಾದದ್ದು ಬಿಟ್ಟುಹೋದೀತು."

"ಸುಮ್ನಿರೇ. ಎಂಥೆಂಥ ದೊಗಳೆ ಪ್ಯಾಂಟನ್ನೇ ಮೈಗೆ ಕೂರಿಸಿದವನು ನಾನು!"

ಬರೆಯಲು ಕೂತರೆ ಪುಟದ ಮೇಲೆ ಪುಟ ತುಂಬಿತು. ದರ್ಜಿ ಕತ್ತರಿ ಹಿಡಿದ. ಮಾತಿಗಲ್ಲ, ನಿಜವಾದ ಕತ್ತರಿ! ಜಗಳಗಳು ಮನೆಯೊಳಗಿನ ಸಂಗತಿ, ಅವರಿಗೇಕೆ? ಕಚಕ್! ಒಬ್ಬನಿಗೆ ಅಡುಗೆ ಮಾಡುವ ಅಂದಾಜು ಸಿಗದೆ ದಿನವೂ ಮಿಗುವುದು? ನಾಚಿಕೆಗೇಡು. ಕಚಕ್! ಅವಳಿಗೆಂದು ಅರ್ಧ ಹೊಲಿದ ಕೋಟನ್ನು ಅಂಗಡಿಯ ಗೊಂಬೆಗೆ ತೊಡಿಸಿ, "ಊಟ ಆಯ್ತೇನೇ?" ಎಂದು ಕೇಳುವುದು? ಅಯ್ಯಯ್ಯೋ, ಹುಚ್ಚನೆಂದಾರು. ಕಚಕ್, ಕಚಕ್!

ಕೊನೆಗೆ ಉಳಿದದ್ದು ಅಂಗೈಯಗಲದ ಚೂರು: "ನಾವು ಗಂಡ ಹೆಂಡತಿ. ಚೆನ್ನಾಗಿದ್ದೇವೆ." ಅದನ್ನೇ ಹೆಮ್ಮೆಯಿಂದ ಕಳಿಸಿದ.

ಪರವಾನಗಿ ಕೊಡುವ ಕಚೇರಿಯ ಅಧಿಕಾರಿಯಮ್ಮ ಕರೆಸಿದರು. ಹಿಂದೇನಾದರೂ ಇದೆಯೇ ಎಂದು ಚೂರನ್ನು ಮಗುಚಿ ನೋಡಿದರು.

"ಚೆನ್ನಾಗಿದ್ದೀರಲ್ಲ ಸ್ವಾಮಿ, ಮತ್ತೆ ಹೋಗೋದ್ಯಾಕೆ?"

ಬಾಯಿಬಡುಕ ದರ್ಜಿಯ ಬಾಯಿಗೆ ಯಾರೋ ಗುಂಡಿ ಹಾಕಿದಂತಾಯಿತು! ಅಧಿಕಾರಿಯಮ್ಮ ಅಲ್ಲಿಂದಲೇ ಅವನ ಹೆಂಡತಿಗೆ ಫೋನು ಮಾಡಿ, ಅವನಿಗೂ ಕೇಳುವಂತೆ ಸ್ಪೀಕರ್ ಹಾಕಿ, ಬರೆದದ್ದನ್ನು ಓದಿ ಹೇಳಿದರು. ಆ ಕಡೆಯಿಂದ ಸಣ್ಣ ದನಿ ಬಂತು.

"ರೀ, ಎಂಥ ಗಿರಾಕಿ ಬಟ್ಟೆಗೂ ಹೊಲಿಗೆಗೆ ಅಂತ ಎರಡು ಬೆರಳು ಹೆಚ್ಚಿಗೆ ಬಿಡ್ತೀರಿ. ನನಗೆ ಅಷ್ಟೂ ಬಿಡ್ಲಿಲ್ವಾ?"

ದರ್ಜಿಯ ಬಾಯಿಯ ಗುಂಡಿ ಕಿತ್ತುಬಂತು. ಮಿಕ್ಕ ಅಡುಗೆ, ಗೊಂಬೆ, ಕೋಟು, ಎಲ್ಲವೂ ಒಂದೇ ಉಸಿರಿಗೆ ಹೊರಬಿದ್ದವು. "ಎಷ್ಟು ಮಾತಾಡಿಸಿದ್ರೂ ಆ ಗೊಂಬೆ ಒಂದು ಸಲಾನೂ ಬೈಯಲ್ಲ ಕಣೇ!"

ಅಧಿಕಾರಿಯಮ್ಮ ಬಿಳಿ ಹಾಳೆಯೊಂದನ್ನು ಅವನ ಮುಂದೆ ತಳ್ಳಿದರು. "ಇದನ್ನೇ ಬರೀರಿ. ಕತ್ತರಿ ಮಾತ್ರ ಮುಟ್ಟಬೇಡಿ."

ಹಾಳೆಯ ಅಂಚಿನವರೆಗೂ ಬರೆದುಕೊಟ್ಟ. ಅವರು ಓದಿ, ತಲೆಯಾಡಿಸಿ, ಮುದ್ರೆ ಒತ್ತಿದ್ದೇ ತಡ, ದರ್ಜಿಗೆ ಹಳೆಯ ಜಂಬ ಮರಳಿತು. ಫೋನು ಹಿಡಿದು ಮೀಸೆ ತಿರುವಿದ.

"ಕೋಟು ಮುಗಿಸ್ಕೊಂಡೇ ಬರ್ತೀನಿ. ನಿನ್ನ ಅಳತೆ ನನಗೆ ಟೇಪಿಲ್ಲದೆ ಬಾಯಿಪಾಠ!"

"ಯಾವ ಅಳತೆ? ಒಬ್ಬಳಿಗೆ ಅಡುಗೆ ಮಾಡೋ ಅಂದಾಜು ನನಗೂ ಸಿಕ್ಕಿಲ್ಲ ರೀ. ಮಿಕ್ಕಿದ್ದೆಲ್ಲ ನಾನೇ ತಿಂದಿದ್ದೀನಿ! ಆ ಕೋಟು ಗೊಂಬೆಗೇ ಬಿಡಿ. ನೀವು ಸುಮ್ನೆ ಟೇಪು ಹಿಡ್ಕೊಂಡು ಬನ್ನಿ!"