ಸೋದರಮಾವ ಪಿಸ್ತೂಲೆತ್ತಿದ ಪರ್ವ

ಕಲಿಯುಗದ ಪ್ರಥಮಪಾದದಲ್ಲಿ, ದೇಶದೇಶಾಂತರದ ಪಾತಕಿಗಳೆಲ್ಲ ಕನ್ನಡ ಕಲಿತು ನಮ್ಮ ನಡುಮನೆಗಳಿಗೆ ನುಗ್ಗುತ್ತಿದ್ದ ಡಬ್ಬಿಂಗ್ ಮನ್ವಂತರದಲ್ಲಿ, ಪರಭಾಷಾಗರ್ವಭಂಜನನೂ ತುಟಿಚಲನಸೂಕ್ಷ್ಮಜ್ಞನೂ ಚತುರ್ದಶಕಾಫಿಪಾನಧುರಂಧರನೂ ಆದ ಧರಣೇಂದ್ರನೆಂಬ ಸಂಭಾಷಣಾವೀರನಿದ್ದ. ಅವನ ಕಥೆ ಹೇಳಹೊರಟಿದ್ದೇನೆ. ತಾಯಿ ವಾಗ್ದೇವಿ, ನನ್ನ ನಾಲಗೆಯ ಮೇಲೆ ಕೊಂಚ ಒತ್ತರಿಸಿ ಕೂತುಕೋ.

ಅದೊಂದು ಭೂಗತ ಕುಟುಂಬದ ಮಹಾಚಿತ್ರಮಾಲೆ, ಮೂರು ಭಾಗ. ಕುಟುಂಬದ ಮುದಿ ಯಜಮಾನ ಹುಬ್ಬೆತ್ತಿದರೆ ಏಳು ಬಂದರುಗಳಲ್ಲಿ ಹಡಗುಗಳು ನಡುಗುತ್ತಿದ್ದವು. ನಾಯಕಿ ಅವನನ್ನು ಕರೆಯುವ ಪರದೇಶಿ ಪದವೋ, ದೊಡ್ಡಪ್ಪನಿಗೂ ಸಲ್ಲುವಂಥದ್ದು, ಮಾವನಿಗೂ ಸಲ್ಲುವಂಥದ್ದು. ನಮ್ಮ ವೀರ ಹಿಂದುಮುಂದು ನೋಡದೆ ‘ಸೋದರಮಾವ’ ಎಂದು ಬರೆದುಬಿಟ್ಟ. ಎರಡು ಭಾಗ ಪ್ರಸಾರವಾಗಿ, ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಆ ಸಂಬಂಧವನ್ನು ಒಪ್ಪಿಕೊಂಡೂ ಆಗಿತ್ತು.

ಮೂರನೆಯ ಭಾಗದಲ್ಲಿ ನಾಯಕಿ ಆ ಯಜಮಾನನ ಮಗನನ್ನೇ ಪ್ರೀತಿಸಿದಳು! ಅವರ ದೇಶದಲ್ಲಿ ಅಂಥ ಸಂಬಂಧ ಮಹಾಪಾಪ; ಮುದುಕ ಪಿಸ್ತೂಲೆತ್ತಿ ಗರ್ಜಿಸಿದ.

“ಏನ್ರೀ ಇದು, ಧರಣೇಂದ್ರ?” ಎಂದರು ಡಬ್ಬಿಂಗ್ ನಿರ್ದೇಶಕಿ ಮಂದಾಕಿನಿ. “ಸೋದರಮಾವನ ಮಗ, ಸೋದರತ್ತೆ ಮಗಳು. ನಮ್ಮ ಕಡೆ ತೊಟ್ಟಿಲಲ್ಲೇ ಮದುವೆ ಮಾತಾಗಿರತ್ತೆ. ಮುದುಕ ಓಲಗದವರನ್ನ ಕರೆಸೋದು ಬಿಟ್ಟು ಪಿಸ್ತೂಲ್ ಯಾಕ್ರೀ ಹಿಡೀತಾನೆ? ಐದಕ್ಕೆ ಸ್ಟುಡಿಯೋ ಬಿಡಬೇಕು. ಅಷ್ಟರಲ್ಲಿ ಒಂದು ಕಾರಣ ಬರೀರಿ. ಇಲ್ಲಾಂದ್ರೆ ಮುಂದಿನ ಸಿನಿಮಾ ಬೇರೆಯವರಿಗೆ.”

ಪ್ರಳಯಮೇಘದಂತೆ ಎದ್ದುನಿಂತ ಧರಣೇಂದ್ರ ನುಡಿದ: “ಮೇಡಂ! ಇನ್ನೂರು ಕೊಲೆಗಳಿಗೆ, ನಲವತ್ತು ವಿಶ್ವಾಸಘಾತಗಳಿಗೆ, ಮುಳುಗುವ ದೋಣಿಯೊಳಗಿನ ಕ್ಷಮಾಯಾಚನೆಗೆ ಕನ್ನಡದ ಬಾಯಿ ಕೊಟ್ಟವನು ನಾನು! ಯಃಕಶ್ಚಿತ್ ಒಂದು ಮದುವೆ ನಿಲ್ಲಿಸಲಾರೆನೇ?”

“ನಿಲ್ಸಿ ಮತ್ತೆ. ನಾಲ್ಕೂಕಾಲಾಯ್ತು.”

ಆಗ ನಡೆಯಿತು ನೋಡಿ ಯುದ್ಧ! ಮುದುಕನ ತುಟಿ ಎಂಟು ಸಲ ಮಾತ್ರ ಅಲುಗುತ್ತಿತ್ತು. ಎಂಟಕ್ಷರದೊಳಗೆ ಲೋಕ ತಲ್ಲಣಿಸಬೇಕು.

“ದೊಡ್ಡಪ್ಪ ಅಂತ ಬದಲಾಯಿಸಿದರೆ?”

“ಎರಡು ಭಾಗ ನೋಡಿದೋರು ಫೋನ್ ಮಾಡಿ ಉಗೀತಾರೆ.”

“ಹುಡುಗ ಕೊಲೆಗಾರ, ಅಂದರೆ?”

“ಅದು ಅವರ ಮನೆತನದ ಕಸುಬಲ್ವೇನ್ರೀ!”

ಪೆನ್ನು ಮುರಿಯಿತು. ಹಾಳೆಗಳು ಹತವಾಗಿ ಮೊಣಕಾಲೆತ್ತರ ಬಿದ್ದವು. ಗಡಿಯಾರದ ದೊಡ್ಡ ಮುಳ್ಳು ಯಮಕಿಂಕರನಂತೆ ಹತ್ತನ್ನು ದಾಟಿತು. ವೀರನ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು. ಇದೊಂದನ್ನು ಮಾತ್ರ ನಾನು ಉತ್ಪ್ರೇಕ್ಷಿಸುತ್ತಿಲ್ಲ.

ಅಷ್ಟರಲ್ಲಿ, ಯಜಮಾನನ ಪಾತ್ರಕ್ಕೆ ಕಂಠ ಕೊಡುತ್ತಿದ್ದ ಗದಗಿನ ಗುರುಶಾಂತಪ್ಪ ಬಿಸಿನೀರಿನ ಲೋಟ ಕೆಳಗಿಟ್ಟ. “ತಮ್ಮಾ, ಅಳಬ್ಯಾಡ. ನಮ್ಮ ಮನ್ಯಾಗ ಇಂಥಾವ ಎರಡು ಮದುವಿ ನಿಂತಾವ. ಪಿಸ್ತೂಲ ಯಾರೂ ಹಿಡೀಲಿಲ್ಲ, ಅಷ್ಟ. ರೆಕಾರ್ಡಿಂಗಿನ ಕೆಂಪು ದೀಪಾ ಹಚ್ರಿ.”

ದೀಪ ಹತ್ತಿತು. ತೆರೆಯ ಮೇಲೆ ಯಜಮಾನ ಪಿಸ್ತೂಲೆತ್ತಿದ. ಹನ್ನೆರಡು ಅಂಗರಕ್ಷಕರು ಉಸಿರು ಬಿಗಿಹಿಡಿದರು. ದಿಗ್ಗಜಗಳು ಕಿವಿ ನಿಮಿರಿಸಿದವು. ಗುರುಶಾಂತಪ್ಪನ ಕಂಠದಿಂದ ಸಿಡಿಲೆರಗಿತು:

“ಜಾತಕ ಕೂಡಿಬಂದಿಲ್ಲ!”

ಎಂಟಕ್ಷರ. ತುಟಿಗೆ ಮಾತು ಹೊಂದಿತು.

“ಓಕೆ!” ಎಂದರು ಮಂದಾಕಿನಿ. “ಮುಂದಿನ ಸಿನಿಮಾನೂ ನೀವೇ ಬರೀರಿ, ಧರಣೇಂದ್ರ. ಈಗ ಹುಡುಗಿ ಕಡೆ ನೋಡಿ. ಅಳ್ತಾ ಅಳ್ತಾ ಏನೋ ಕೇಳ್ತಿದಾಳೆ.”

ತ್ರಿಲೋಕವಿಜಯಿ ಕಣ್ಣೊರೆಸಿಕೊಂಡು, ಗುರುಶಾಂತಪ್ಪನ ಪೆನ್ನನ್ನೇ ಇಸಿದುಕೊಂಡು ಬರೆದ:

“ಶಾಂತಿ ಮಾಡಿಸಿದ್ರಾಗಲ್ವಾ, ಮಾವ?”